ಕಾರಿನ ಸಬ್‌ವೂಫರ್: ಜೋರು ವಾಲ್ಯೂಮಿನಲ್ಲಿ ಧ್ವನಿ ಒಡೆಯುವುದು

ಸ್ಟೀರಿಯೊ ವಾಲ್ಯೂಮ್ ಏರಿಸುತ್ತ ಹೋದಂತೆ ಕಾರಿನ ಸಬ್‌ವೂಫರ್‌ನಿಂದ ಬರುವ ತಗ್ಗುಸ್ವರಗಳು ಮೂಲ ರೂಪ ಕಳೆದುಕೊಂಡು ಗರಗರ, ಪಟಪಟ, ಬುಸ್‌ಬುಸ್ ಎಂಬ ಸದ್ದಾಗುವುದಕ್ಕೆ ಧ್ವನಿ ಒಡೆಯುವುದು ಎನ್ನುತ್ತಾರೆ. ತಾಂತ್ರಿಕ ಬರಹಗಳಲ್ಲಿ ಇದು ವಿರೂಪಣ. ಆಕ್ಸೆಸರೀಸ್ ಅಂಗಡಿಯ ಮಾತಿನಲ್ಲಿ ‘ಬೇಸ್ ಒಡೀತಿದೆ’. ಕಡಿಮೆ ವಾಲ್ಯೂಮಿನಲ್ಲಿ ಎಲ್ಲವೂ ಸರಿಯಿದ್ದು ಒಂದು ಹಂತ ದಾಟಿದ ಮೇಲೆ ಮಾತ್ರ ತೊಂದರೆ ಕಾಣಿಸುವುದು ಈ ದೋಷದ ಮುಖ್ಯ ಲಕ್ಷಣ. ಸದ್ದು ಸಬ್‌ವೂಫರ್‌ನಿಂದ ಬರುವುದರಿಂದ ‘ಸ್ಪೀಕರ್ ಹೋಗಿದೆ’ ಎಂದು ಅದನ್ನೇ ಬದಲಿಸುವವರು ಬಹಳ. ಆದರೆ ಹಾಡಿನ ಫೈಲು, ಸ್ಟೀರಿಯೊ, ಆಂಪ್ಲಿಫೈಯರ್, ಬ್ಯಾಟರಿಯಿಂದ ಬರುವ ವೈರು, ಅರ್ತ್ ಜೋಡಣೆ, ಪೆಟ್ಟಿಗೆ, ಕೋನ್ ಇವುಗಳಲ್ಲಿ ಯಾವುದು ಮೊದಲು ತನ್ನ ಮಿತಿ ಮುಟ್ಟಿದರೂ ಅದರ ಫಲ ಕೇಳಿಸುವುದು ಸಬ್‌ವೂಫರ್‌ನಲ್ಲೇ. ಹಾಗಾಗಿ ಈ ದೋಷದ ಪತ್ತೆಯೆಂದರೆ ಮೊದಲು ಸೋತ ಭಾಗವನ್ನು ಹುಡುಕುವ ಕೆಲಸ.

ಹಿನ್ನೆಲೆ

ಇಂದಿನ ಬಹುತೇಕ ಸ್ಪೀಕರ್‌ಗಳ ಮೂಲ ವಿನ್ಯಾಸವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ಪ್ರಕಟಿಸಿದರು. ಅಯಸ್ಕಾಂತದ ಸಂದಿಯಲ್ಲಿ ಓಡಾಡುವ ತಂತಿಸುರುಳಿಯು ಕಾಗದದ ಕೋನನ್ನು ಅಲುಗಿಸುವ ವ್ಯವಸ್ಥೆ ಅದು. ಷಿಕಾಗೋದ ಗಾಲ್ವಿನ್ ಕಂಪನಿ 1930ರಲ್ಲಿ ಮೋಟೊರೋಲಾ ಹೆಸರಿನ ಕಾರ್ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. 1954ರಲ್ಲಿ ಎಡ್ಗರ್ ವಿಲ್ಚರ್ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸಿ, ಚಿಕ್ಕ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ಪಡೆಯಬಹುದೆಂದು ತೋರಿಸಿದರು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮತ್ತು ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಒಂದು ಸ್ಪೀಕರ್‌ಗೆ ಎಂಥ ಪೆಟ್ಟಿಗೆ ಹೊಂದುತ್ತದೆ ಎಂಬುದನ್ನು ಅಂದಾಜಿನಿಂದ ಬಿಡಿಸಿ ಲೆಕ್ಕಕ್ಕೆ ತಂದರು. ಸಬ್‌ವೂಫರ್ ಜೊತೆ ಬರುವ ಕಾಗದದಲ್ಲಿ ಇಂದಿಗೂ ಕಾಣುವ ಥೀಲ್-ಸ್ಮಾಲ್ ಅಂಕಿಗಳು ಅವರ ಹೆಸರಿನವೇ. ಕಡಿಮೆ ಶಾಖದಲ್ಲಿ ಹೆಚ್ಚು ಶಕ್ತಿ ಕೊಡುವ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳು ಅಗ್ಗವಾದ ಮೇಲೆ ನೂರಾರು ವ್ಯಾಟಿನ ಬೇಸ್ ಸಣ್ಣ ಕಾರುಗಳ ಡಿಕ್ಕಿಗೂ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ವಾಹನ ಬಿಡಿಭಾಗಗಳ ಬೀದಿಗಳಲ್ಲಿ ಸಬ್‌ವೂಫರ್ ಈಗ ಸಾಮಾನ್ಯ ಸರಕು.

ರಚನೆ ಮತ್ತು ಕೆಲಸ

ಮನುಷ್ಯನ ಕಿವಿಗೆ ಸ್ಥೂಲವಾಗಿ 20ರಿಂದ 20,000 ಹರ್ಟ್ಸ್‌ವರೆಗಿನ ಸ್ವರಗಳು ಕೇಳುತ್ತವೆ. ಕಾರಿನಲ್ಲಿ ಸಬ್‌ವೂಫರ್‌ಗೆ ವಹಿಸುವುದು ಇದರ ತಳದ ಪಾಲನ್ನು, ಸಾಮಾನ್ಯವಾಗಿ 80 ಹರ್ಟ್ಸ್ ಆಸುಪಾಸಿನಿಂದ ಕೆಳಗಿನದನ್ನು. ಅದಕ್ಕಿಂತ ಮೇಲಿನ ಸ್ವರಗಳನ್ನು ಕ್ರಾಸ್‌ಓವರ್ ಎಂಬ ಸೋಸುವ ಮಂಡಲ ಬಾಗಿಲಿನ ಸ್ಪೀಕರ್‌ಗಳಿಗೆ ಬಿಡುತ್ತದೆ.

ಸಬ್‌ವೂಫರ್‌ನ ಒಳಗೆ ವಾಯ್ಸ್ ಕಾಯಿಲ್ ಎಂಬ ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿಯ ಸುರುಳಿ ಇದೆ. ಆಂಪ್ಲಿಫೈಯರ್‌ನಿಂದ ಬರುವ ವಿದ್ಯುತ್ ಅದರಲ್ಲಿ ಹರಿದಾಗ ಸುರುಳಿಯೂ ಅದಕ್ಕೆ ಅಂಟಿದ ಕೋನೂ ಹಿಂದೆ ಮುಂದೆ ಚಲಿಸುತ್ತವೆ. ಕೋನಿನ ಹೊರಅಂಚಿನಲ್ಲಿರುವ ರಬ್ಬರ್ ಅಥವಾ ಫೋಮ್ ಸುತ್ತುಪಟ್ಟಿ ಮತ್ತು ಕುತ್ತಿಗೆಯ ಬಳಿಯ ಸುಕ್ಕುಬಟ್ಟೆಯ ಸ್ಪೈಡರ್ ಎರಡೂ ಸೇರಿ ಕೋನನ್ನು ನೇರವಾಗಿ ಹಿಡಿದಿಡುತ್ತವೆ. ಕಾಯಿಲ್ ಅಯಸ್ಕಾಂತ ಕ್ಷೇತ್ರದ ಹಿಡಿತದಲ್ಲಿದ್ದು ಎಷ್ಟು ದೂರ ಸರಿಯಬಹುದು ಎಂಬುದನ್ನು ಎಕ್ಸ್‌ಮ್ಯಾಕ್ಸ್ ಎಂಬ ಅಂಕಿ ಮಿಲಿಮೀಟರ್‌ನಲ್ಲಿ ಹೇಳುತ್ತದೆ.

ತಗ್ಗುಸ್ವರಕ್ಕೆ ಗಾಳಿಯನ್ನು ಹೆಚ್ಚು ತಳ್ಳಬೇಕು. ತೆರೆದ ಜಾಗದಲ್ಲಿ ಅದೇ ಮಟ್ಟದ ಸದ್ದು ಬರಬೇಕಾದರೆ ಆವೃತ್ತಿ ಅರ್ಧಕ್ಕೆ ಇಳಿದಾಗ ಕೋನಿನ ಚಲನೆ ನಾಲ್ಕು ಪಟ್ಟಾಗಬೇಕು: 60 ಹರ್ಟ್ಸ್‌ಗೆ 3 ಮಿಲಿಮೀಟರ್ ಸಾಕಾದರೆ 30 ಹರ್ಟ್ಸ್‌ಗೆ 12 ಮಿಲಿಮೀಟರ್. ಕಿಟಕಿ ಮುಚ್ಚಿದ ಕಾರಿನಲ್ಲಿ ಈ ಹೊರೆ ಕಡಿಮೆಯಾಗುತ್ತದೆ. 50 ಹರ್ಟ್ಸ್ ಸ್ವರದ ತರಂಗದ ಉದ್ದ ಸುಮಾರು 7 ಮೀಟರ್, ಅಂದರೆ ಕಾರಿಗಿಂತ ಉದ್ದ. ಇಂಥ ಆವೃತ್ತಿಗಳಲ್ಲಿ ಕೋನ್ ಕ್ಯಾಬಿನ್ನಿನ ಗಾಳಿಯನ್ನು ಇಡಿಯಾಗಿ ಒತ್ತಿ ಸಡಿಲಿಸುತ್ತದೆ, ಬೇಸ್ ತಾನಾಗಿ ಏರುತ್ತದೆ. ಮನೆಯ ಕೋಣೆಗೆ ಸಾಲದ ಸಬ್‌ವೂಫರ್ ಕಾರಿನೊಳಗೆ ಎದೆ ನಡುಗಿಸುವುದು ಇದರಿಂದಲೇ. ಕಿಟಕಿ ಇಳಿಸಿದ ಕೂಡಲೆ ಆ ಏರಿಕೆ ಕರಗುತ್ತದೆ. ಓಡಿಸುವವರು ವಾಲ್ಯೂಮ್ ಹೆಚ್ಚಿಸುತ್ತಾರೆ, ಧ್ವನಿ ಒಡೆಯುತ್ತದೆ.

ಒಡೆಯುವ ಬಗೆಗಳು

ಕ್ಲಿಪ್ಪಿಂಗ್. ಆಂಪ್ಲಿಫೈಯರ್ ಕೊಡಬಲ್ಲ ವೋಲ್ಟೇಜಿಗೆ ಒಂದು ಮೇಲ್ಮಿತಿ ಇದೆ. ಅದನ್ನು ಮೀರಿ ಕೇಳಿದಾಗ ದುಂಡಗಿನ ತರಂಗದ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆಗ ಮೂಲ ಆವೃತ್ತಿಯ ಮೂರು, ಐದು, ಏಳು ಪಟ್ಟಿನ ಹೆಚ್ಚುವರಿ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಕಿವಿ ತಗ್ಗುಸ್ವರಗಳಿಗೆ ಮಂದ, ಮಧ್ಯಸ್ವರಗಳಿಗೆ ಚುರುಕು. ಹಾಗಾಗಿ 40 ಹರ್ಟ್ಸ್ ಬೇಸ್ ಕ್ಲಿಪ್ ಆದಾಗ ಅದರ ಜೊತೆ ಹುಟ್ಟುವ 120 ಮತ್ತು 200 ಹರ್ಟ್ಸ್ ಸ್ವರಗಳು ಪ್ರಮಾಣದಲ್ಲಿ ಕಡಿಮೆಯಿದ್ದರೂ ಎದ್ದು ಕೇಳುತ್ತವೆ. ‘ಗರ್’ ಎಂಬ ಒರಟುತನ ಅವುಗಳದ್ದು.

ಚಲನೆ ಮಿತಿ ಮೀರುವುದು. ಕೋನ್ ಎಕ್ಸ್‌ಮ್ಯಾಕ್ಸ್ ದಾಟಿ ಸರಿದಾಗ ಕಾಯಿಲ್ ಮೇಲಿನ ಅಯಸ್ಕಾಂತದ ಹಿಡಿತ ಸಡಿಲಗೊಳ್ಳುತ್ತದೆ, ಸ್ಪೈಡರ್ ಬಿಗಿಯುತ್ತದೆ. ಇನ್ನೂ ಮುಂದೆ ಹೋದರೆ ಕಾಯಿಲ್ ಹಿಂದಿನ ಲೋಹಕ್ಕೆ ಬಡಿದು ‘ಟಕ್’ ಎಂಬ ಗಡಸು ಸದ್ದು ಬರುತ್ತದೆ. ಈ ಸದ್ದು ಕೇಳಿದ ಕೂಡಲೆ ವಾಲ್ಯೂಮ್ ಇಳಿಸಬೇಕು. ಕೆಲವು ಪೆಟ್ಟು ತಿಂದರೂ ಕಾಯಿಲ್‌ನ ತುದಿ ಸೊಟ್ಟಗಾಗಬಹುದು.

ಕಾವಿನಿಂದ ಬಳಲುವುದು. ಸಬ್‌ವೂಫರ್‌ಗೆ ಹೋಗುವ ವಿದ್ಯುತ್ತಿನಲ್ಲಿ ಬಹುಪಾಲು ಶಾಖವಾಗುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿದ್ದ ಕಾಯಿಲ್ 200 ಡಿಗ್ರಿ ಮುಟ್ಟಿದರೆ ರೋಧ ಸುಮಾರು 70 ಶೇಕಡಾ ಹೆಚ್ಚಿ, ಅದೇ ವೋಲ್ಟೇಜಿನಲ್ಲಿ ಒಳಗೆ ಹೋಗುವ ಶಕ್ತಿ 60 ಶೇಕಡಾದ ಹತ್ತಿರಕ್ಕೆ ಇಳಿಯುತ್ತದೆ. ಕೇಳುವವರಿಗೆ ಇದು ಒಡಕಾಗಿ ಕಾಣದೆ ‘ಹತ್ತು ನಿಮಿಷ ಆದ ಮೇಲೆ ಬೇಸ್ ಸಪ್ಪೆ’ ಎಂದು ತೋರುತ್ತದೆ. ವಾಲ್ಯೂಮ್ ಇನ್ನಷ್ಟು ಏರಿಸಿದರೆ ಕ್ಲಿಪ್ಪಿಂಗ್ ಸೇರಿಕೊಳ್ಳುತ್ತದೆ, ಕಡೆಗೆ ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ.

ಹೊರಗಿನ ಗಲಗಲ. ನಂಬರ್ ಪ್ಲೇಟ್, ಡಿಕ್ಕಿಯ ಬಾಗಿಲು, ಹಿಂಬದಿಯ ಪಾರ್ಸೆಲ್ ಟ್ರೇ, ಸ್ಟೆಪ್ನಿಯ ಬಳಿ ಇಟ್ಟ ಜಾಕ್ ಮತ್ತು ಸ್ಪ್ಯಾನರ್ ಬೇಸಿಗೆ ತಾಳ ಹಾಕುವುದು. ಇಲ್ಲಿ ಸಿಗ್ನಲ್ ಶುದ್ಧವೇ ಇರುತ್ತದೆ. ಆದರೂ ಒಳಗೆ ಕುಳಿತವರ ಕಿವಿಗೆ ಇದಕ್ಕೂ ಕ್ಲಿಪ್ಪಿಂಗ್‌ಗೂ ವ್ಯತ್ಯಾಸ ತಿಳಿಯುವುದು ಕಷ್ಟ.

ಹಾಡಿನ ಮೂಲ ಮತ್ತು ಸ್ಟೀರಿಯೊ

ಕೆಲವು ಹಾಡುಗಳು ಧ್ವನಿಮುದ್ರಣದ ಕೊನೆಯ ಹಂತದಲ್ಲೇ ನೆತ್ತಿ ತಟ್ಟಿಸಿಕೊಂಡು ಬಂದಿರುತ್ತವೆ. ಬೇಸ್ ಏರಿಸಿ ಮತ್ತೆ ಸೇವ್ ಮಾಡಿದ ‘ಬೇಸ್ ಬೂಸ್ಟೆಡ್’ ಫೈಲುಗಳಲ್ಲಿ ಇದು ಇನ್ನೂ ಸಾಮಾನ್ಯ. ಒಂದೇ ಹಾಡಿನಲ್ಲಿ ಒಡೆದು ಉಳಿದವುಗಳಲ್ಲಿ ಒಡೆಯದಿದ್ದರೆ ಕಾರಿನ ಯಾವ ಭಾಗಕ್ಕೂ ಕೈಹಾಕಬೇಕಿಲ್ಲ.

ಫೋನಿನ ಈಕ್ವಲೈಸರ್, ಹಾಡಿನ ಆ್ಯಪ್‌ನ ಈಕ್ವಲೈಸರ್, ಸ್ಟೀರಿಯೊದ ಬೇಸ್, ಲೌಡ್‌ನೆಸ್ ಬಟನ್ ಎಲ್ಲವೂ ಒಟ್ಟಿಗೆ ಏರಿದ್ದರೆ ಆಂಪ್ಲಿಫೈಯರ್ ತಲುಪುವ ಮೊದಲೇ ಸಿಗ್ನಲ್ ಚಪ್ಪಟೆಯಾಗಿರುತ್ತದೆ. ಹೀಗೆ ಚಪ್ಪಟೆಯಾದ ತರಂಗವನ್ನು ಮುಂದಿನ ಯಾವ ಉಪಕರಣವೂ ಮತ್ತೆ ದುಂಡಗೆ ಮಾಡಲಾರದು. ಅನೇಕ ಸ್ಟೀರಿಯೊಗಳ ಔಟ್‌ಪುಟ್ ಕೊನೆಯ ಕೆಲವು ಅಂಕಗಳಲ್ಲಿ ಕ್ಲಿಪ್ ಆಗುವುದರಿಂದ, ಗರಿಷ್ಠ ವಾಲ್ಯೂಮಿನ ಮುಕ್ಕಾಲು ಭಾಗವನ್ನೇ ಮೇಲ್ಮಿತಿಯೆಂದು ಇಟ್ಟುಕೊಳ್ಳುವುದು ಫಿಟ್ಟರ್‌ಗಳ ರೂಢಿ.

ಕಂಪನಿಯಿಂದಲೇ ಬಂದ ಸ್ಟೀರಿಯೊವನ್ನು ಉಳಿಸಿಕೊಂಡು ಸಬ್‌ವೂಫರ್ ಸೇರಿಸಿದಾಗ ಬೇರೆ ತೊಡಕುಂಟು. ಅವುಗಳಲ್ಲಿ ಬಹಳಷ್ಟಕ್ಕೆ ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುವ ಆರ್‌ಸಿಎ ಔಟ್‌ಪುಟ್ ಇರುವುದಿಲ್ಲ. ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದು ಹೈ-ಲೋ ಕನ್ವರ್ಟರ್ ಮೂಲಕ ಆಂಪ್ಲಿಫೈಯರ್‌ಗೆ ಕೊಡುತ್ತಾರೆ. ಕನ್ವರ್ಟರ್‌ನ ಮಟ್ಟ ಹೆಚ್ಚಿದ್ದರೆ ಒಡೆತ ಅಲ್ಲೇ ಶುರುವಾಗುತ್ತದೆ. ಸಣ್ಣ ಬಾಗಿಲು ಸ್ಪೀಕರ್‌ಗಳನ್ನು ಕಾಪಾಡಲೆಂದು ವಾಲ್ಯೂಮ್ ಏರಿದಂತೆ ಬೇಸನ್ನು ತಾವೇ ಕತ್ತರಿಸುವ ಸ್ಟೀರಿಯೊಗಳೂ ಇವೆ. ಆ ಕೊರತೆ ತುಂಬಲು ಆಂಪ್ಲಿಫೈಯರ್‌ನ ಗೇನ್ ಏರಿಸಿದರೆ ಕಡಿಮೆ ವಾಲ್ಯೂಮಿನಲ್ಲೂ ಧ್ವನಿ ಒಡೆಯತೊಡಗುತ್ತದೆ.

ಗೇನ್ ಮತ್ತು ಬೇಸ್ ಬೂಸ್ಟ್

ಆಂಪ್ಲಿಫೈಯರ್ ಮೇಲಿನ ಗೇನ್ ತಿರುಪು ಎರಡನೆಯ ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡುವ 2 ಅಥವಾ 4 ವೋಲ್ಟ್ ಸಿಗ್ನಲ್‌ಗೆ ಆಂಪ್ಲಿಫೈಯರ್ ತನ್ನ ಪೂರ್ಣ ಶಕ್ತಿ ಕೊಡುವಂತೆ ಎರಡನ್ನೂ ಹೊಂದಿಸುವುದಷ್ಟೇ ಅದರ ಕೆಲಸ. ಗೇನ್ ಕೊನೆಮುಟ್ಟ ತಿರುಗಿಸಿದರೆ ಆಂಪ್ಲಿಫೈಯರ್‌ನ ವ್ಯಾಟ್ ಹೆಚ್ಚುವುದಿಲ್ಲ. ಪೂರ್ಣ ಶಕ್ತಿ ವಾಲ್ಯೂಮಿನ ಅರ್ಧದಲ್ಲೇ ಮುಗಿದು ಉಳಿದ ಅರ್ಧವೆಲ್ಲ ಕ್ಲಿಪ್ಪಿಂಗ್ ಆಗುತ್ತದೆ. ಜೋರು ವಾಲ್ಯೂಮಿನ ಒಡೆತಕ್ಕೆ ಅತಿ ಸಾಮಾನ್ಯ ಕಾರಣ ಇದೇ.

ಬೇಸ್ ಬೂಸ್ಟ್ ಸಾಮಾನ್ಯವಾಗಿ 45 ಹರ್ಟ್ಸ್ ಸುತ್ತಲಿನ ಸ್ವರಗಳನ್ನು ಎತ್ತುತ್ತದೆ. 3 ಡೆಸಿಬೆಲ್ ಏರಿಕೆಗೆ ಶಕ್ತಿ ಎರಡು ಪಟ್ಟು, 6ಕ್ಕೆ ನಾಲ್ಕು ಪಟ್ಟು, 12ಕ್ಕೆ ಹದಿನಾರು ಪಟ್ಟು ಬೇಕು. 400 ವ್ಯಾಟಿನ ಆಂಪ್ಲಿಫೈಯರ್ 100 ವ್ಯಾಟಿನಲ್ಲಿ ಆರಾಮವಾಗಿ ಕೆಲಸ ಮಾಡುತ್ತಿದ್ದರೂ 6 ಡೆಸಿಬೆಲ್ ಬೂಸ್ಟ್ ಹಾಕಿದ ಕ್ಷಣ ಅದು ತುದಿಗೆ ಬಂದು ನಿಲ್ಲುತ್ತದೆ. 12 ಹಾಕಿದರೆ ಇಲ್ಲದ 1,600 ವ್ಯಾಟ್ ಕೇಳಿದಂತೆ.

‘ಸಣ್ಣ ಆಂಪ್ಲಿಫೈಯರ್ ಹಾಕಿದರೆ ದೊಡ್ಡ ಸ್ಪೀಕರ್ ಸುಡುತ್ತದೆ’ ಎಂಬ ಮಾತಿನ ನಿಜಾಂಶವೂ ಇಲ್ಲಿದೆ. ಶಕ್ತಿ ಕಡಿಮೆಯಾದದ್ದರಿಂದ ಯಾವ ಸ್ಪೀಕರೂ ಸುಡುವುದಿಲ್ಲ. ಸಣ್ಣ ಆಂಪ್ಲಿಫೈಯರ್ ತೀವ್ರವಾಗಿ ಕ್ಲಿಪ್ ಆದಾಗ ತರಂಗ ಚೌಕಾಕಾರಕ್ಕೆ ಹತ್ತಿರವಾಗುತ್ತದೆ, ಮತ್ತು ಪೂರ್ಣ ಚೌಕ ತರಂಗ ಅದೇ ಎತ್ತರದ ಶುದ್ಧ ತರಂಗಕ್ಕಿಂತ ಎರಡು ಪಟ್ಟು ಶಕ್ತಿ ಹೊತ್ತಿರುತ್ತದೆ. 300 ವ್ಯಾಟಿನ ಆಂಪ್ಲಿಫೈಯರ್ ಆಗ 600ರ ಸಮೀಪ ಶಾಖವನ್ನು ಕಾಯಿಲ್‌ಗೆ ಸುರಿಯಬಲ್ಲದು.

ವಿದ್ಯುತ್ ಪೂರೈಕೆ

ಪೂರ್ತಿ ಚಾರ್ಜಾದ ಕಾರಿನ ಬ್ಯಾಟರಿ ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 13.8ರಿಂದ 14.4ರ ನಡುವೆ ಇಡುತ್ತದೆ. 500 ವ್ಯಾಟ್ ನಿಜವಾಗಿ ಕೊಡುವ ಕ್ಲಾಸ್ ಡಿ ಆಂಪ್ಲಿಫೈಯರ್ 80 ಶೇಕಡಾ ದಕ್ಷತೆಯದ್ದಾದರೆ 13.8 ವೋಲ್ಟಿನಲ್ಲಿ ಸುಮಾರು 45 ಆಂಪಿಯರ್ ಎಳೆಯುತ್ತದೆ.

ಈ 45 ಆಂಪಿಯರ್ ಬಾನೆಟ್‌ನಿಂದ ಡಿಕ್ಕಿಯವರೆಗೆ 5 ಮೀಟರ್ ವೈರಿನಲ್ಲಿ ಬರಬೇಕು. 8 ಗೇಜಿನ ಶುದ್ಧ ತಾಮ್ರದ ವೈರಿನಲ್ಲಿ ದಾರಿಯಲ್ಲೇ ಸುಮಾರು 0.47 ವೋಲ್ಟ್ ಸೋರುತ್ತದೆ, 4 ಗೇಜಿನಲ್ಲಿ ಸುಮಾರು 0.18. ಅಗ್ಗದ ಕಿಟ್‌ಗಳಲ್ಲಿ ಬರುವ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರಾದರೆ ನಷ್ಟ ಇನ್ನೂ ಒಂದೂವರೆ ಪಟ್ಟಿಗೂ ಹೆಚ್ಚು.

ವೈರಿಗಿಂತ ಮೋಸ ಮಾಡುವುದು ಅರ್ತ್ ಜೋಡಣೆ. ಆಂಪ್ಲಿಫೈಯರ್‌ನ ನೆಗೆಟಿವ್ ವೈರನ್ನು ಬಣ್ಣ ಕೆರೆಯದೆ ಬಾಡಿಯ ಯಾವುದೋ ಸ್ಕ್ರೂಗೆ ಬಿಗಿದಿದ್ದರೆ ಅಲ್ಲಿ 0.03 ಓಮ್ ರೋಧ ಉಳಿಯಬಹುದು. ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ ಅದು ಸೊನ್ನೆಯಂತೆಯೇ ಕಾಣುತ್ತದೆ. ಆದರೆ 45 ಆಂಪಿಯರ್ ಹರಿದಾಗ ಅದೇ ಸ್ಕ್ರೂವಿನಲ್ಲಿ 1.35 ವೋಲ್ಟ್ ಬಿದ್ದುಹೋಗಿ, 60 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಆದ್ದರಿಂದ ಅರ್ತನ್ನು ಪರೀಕ್ಷಿಸಬೇಕಾದದ್ದು ಹೊರೆ ಇದ್ದಾಗ. ಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಆಂಪ್ಲಿಫೈಯರ್‌ನ ಅರ್ತ್ ಟರ್ಮಿನಲ್‌ಗೂ ಮುಟ್ಟಿಸಿ, ಬೇಸ್ ಹೊಡೆಯುವಾಗ ನೋಡಬೇಕು. ಅಂಕಿ ಅರ್ಧ ವೋಲ್ಟ್ ದಾಟಿದರೆ ಬಾಡಿಯ ಲೋಹ ಹೊಳೆಯುವಂತೆ ಕೆರೆದು ಹೊಸದಾಗಿ ಬಿಗಿಯಬೇಕು. ಉಪ್ಪುಗಾಳಿಯ ಕರಾವಳಿಯಲ್ಲಿ ಚೆನ್ನಾಗಿ ಬಿಗಿದ ಟರ್ಮಿನಲ್ ಕೂಡ ಹಸಿರುಗಟ್ಟಿ ಇದೇ ದೋಷ ತೋರಿಸಬಲ್ಲದು.

ವೋಲ್ಟೇಜ್ ಇಳಿತದ ಪರಿಣಾಮ ದೊಡ್ಡದು. ಒಳಗೆ ವೋಲ್ಟೇಜ್ ನಿಯಂತ್ರಣವಿಲ್ಲದ ಆಂಪ್ಲಿಫೈಯರ್‌ಗಳಲ್ಲಿ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. 14.4 ವೋಲ್ಟಿನಲ್ಲಿ 500 ವ್ಯಾಟ್ ಕೊಡುವುದು 11.5 ವೋಲ್ಟಿಗೆ ಇಳಿದಾಗ ಸುಮಾರು 320 ವ್ಯಾಟಿಗೆ ಬರುತ್ತದೆ. 500ಕ್ಕೆಂದು ಹೊಂದಿಸಿದ ಗೇನ್ ಆಗ 320ಕ್ಕೇ ಕ್ಲಿಪ್ ಮಾಡುತ್ತದೆ. ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗುವುದು ಇದರ ಹೊರಗುರುತು.

ಇಂಪೆಡೆನ್ಸ್ ಮತ್ತು ಜೋಡಣೆ

ಅನೇಕ ಸಬ್‌ವೂಫರ್‌ಗಳಲ್ಲಿ ಎರಡು ಕಾಯಿಲ್ ಇರುತ್ತವೆ. 4 ಓಮಿನ ಎರಡು ಕಾಯಿಲ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಲ್ಲಿ ಜೋಡಿಸಿದರೆ 8 ಓಮ್. ಅಂಥ ಎರಡು ಸಬ್‌ವೂಫರ್‌ಗಳ ನಾಲ್ಕೂ ಕಾಯಿಲ್ ಸಮಾಂತರವಾದರೆ 1 ಓಮ್. 2 ಓಮ್‌ವರೆಗೆ ಮಾತ್ರ ತಾಳುವ ಆಂಪ್ಲಿಫೈಯರ್‌ಗೆ 1 ಓಮ್ ಕೊಟ್ಟರೆ ಮೆಲ್ಲಗೆ ಹಾಡುವಾಗ ಏನೂ ತಿಳಿಯುವುದಿಲ್ಲ. ಜೋರಾದಾಗ ಒಡೆದು, ಬಿಸಿಯಾಗಿ, ಕೆಂಪು ಪ್ರೊಟೆಕ್ಟ್ ದೀಪ ಹೊತ್ತಿ ನಿಲ್ಲುತ್ತದೆ.

ಎರಡು ಕಾಯಿಲ್‌ಗಳಲ್ಲಿ ಒಂದರ ಪ್ಲಸ್-ಮೈನಸ್ ಅದಲುಬದಲಾದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಬೇಸ್ ಹೆಚ್ಚುಕಡಿಮೆ ಮಾಯವಾಗುತ್ತದೆ, ಶಕ್ತಿಯೆಲ್ಲ ಶಾಖವಾಗುತ್ತದೆ. ಪರೀಕ್ಷೆ ಸುಲಭ: ಆಂಪ್ಲಿಫೈಯರ್‌ನಿಂದ ವೈರು ಕಳಚಿ 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಒಂದೊಂದೇ ಕಾಯಿಲ್‌ನ ಪ್ಲಸ್‌ಗೆ ಕ್ಷಣಮಾತ್ರ ಮುಟ್ಟಿಸಿದಾಗ ಕೋನ್ ಎರಡೂ ಸಲ ಹೊರಕ್ಕೆ ಬರಬೇಕು.

ಪೆಟ್ಟಿಗೆ

ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿ ಕೋನಿಗೆ ಬೆಂಬಲ ಕೊಡುತ್ತದೆ. 12 ಇಂಚಿನ ಸಬ್‌ವೂಫರ್‌ಗೆ ಸಾಮಾನ್ಯವಾಗಿ 20ರಿಂದ 35 ಲೀಟರ್ ಒಳಅಳತೆ ಹೇಳಿರುತ್ತಾರೆ. ಪೆಟ್ಟಿಗೆ ಅದಕ್ಕಿಂತ ಬಹಳ ದೊಡ್ಡದಾದರೆ ಬೆಂಬಲ ತಗ್ಗಿ ಕೋನ್ ಅತಿಯಾಗಿ ಸರಿಯುತ್ತದೆ. ಬಹಳ ಚಿಕ್ಕದಾದರೆ ಒಂದೇ ಸ್ವರ ಗುಮ್ಮೆನ್ನುತ್ತದೆ.

ಪೋರ್ಟ್ ಇರುವ ಪೆಟ್ಟಿಗೆ ಹೆಚ್ಚು ಸದ್ದು ಕೊಡುತ್ತದೆ, ಆದರೆ ಅದಕ್ಕೊಂದು ಅಪಾಯದ ಗಡಿ ಇದೆ. ಪೆಟ್ಟಿಗೆಯನ್ನು 35 ಹರ್ಟ್ಸ್‌ಗೆ ಹೊಂದಿಸಿದ್ದರೆ ಆ ಸ್ವರದಲ್ಲಿ ಕೆಲಸವೆಲ್ಲ ಪೋರ್ಟಿನದ್ದು, ಕೋನ್ ಅಲುಗುವುದೇ ಕಡಿಮೆ. ಅದಕ್ಕಿಂತ ಕೆಳಗೆ ಇಳಿದಂತೆ ಗಾಳಿಯ ಬೆಂಬಲ ತಪ್ಪಿ, ಕಡಿಮೆ ಶಕ್ತಿಯಲ್ಲೂ ಕೋನ್ ಮಿತಿ ಮೀರಿ ಹಾರುತ್ತದೆ. ಇದನ್ನು ತಡೆಯಲು ಆಂಪ್ಲಿಫೈಯರ್‌ನ ಸಬ್‌ಸಾನಿಕ್ ಫಿಲ್ಟರನ್ನು ಪೋರ್ಟ್ ಆವೃತ್ತಿಗಿಂತ ಸ್ವಲ್ಪ ಕೆಳಗೆ, ಈ ಉದಾಹರಣೆಯಲ್ಲಿ 28ರಿಂದ 30 ಹರ್ಟ್ಸ್‌ಗೆ ಇಡಬೇಕು. ಪೋರ್ಟ್ ಕಿರಿದಾಗಿದ್ದರೆ ಜೋರಾದಾಗ ಗಾಳಿ ಅದರ ಅಂಚಿಗೆ ತಾಗಿ ‘ಬುಸ್’ ಎನ್ನುತ್ತದೆ. ಅಗಲವಾದ, ಬಾಯಿ ಅರಳಿದ ಪೋರ್ಟ್ ಇದಕ್ಕೆ ಪರಿಹಾರ.

ಮರದ ಜೋಡಣೆಯಲ್ಲಿ ಅಥವಾ ವೈರಿನ ಟರ್ಮಿನಲ್ ಕಪ್ಪಿನಲ್ಲಿ ಸಂದಿಯಿದ್ದರೂ ಸಿಳ್ಳಿನಂಥ ಸದ್ದು ಬರುತ್ತದೆ. ಎಂಡಿಎಫ್ ಹಲಗೆ ತೇವ ಹೀರಿ ಉಬ್ಬಿದರೆ ಬಿಗಿಯಾಗಿದ್ದ ಅಂಚೂ ಬಿಡುತ್ತದೆ. 30 ಹರ್ಟ್ಸ್ ಸ್ವರ ಮೆಲ್ಲಗೆ ಹಾಕಿ ಊದುಬತ್ತಿಯ ಹೊಗೆಯನ್ನು ಅಂಚುಗುಂಟ ಹಿಡಿದರೆ ಸೋರುವ ಜಾಗದಲ್ಲಿ ಹೊಗೆ ಚದುರುತ್ತದೆ.

ಸೀಟಿನಡಿ ಇಡುವ 8 ಇಂಚಿನ ಚಪ್ಪಟೆ ಸಬ್‌ವೂಫರ್‌ಗಳಿಗೆ ಪೆಟ್ಟಿಗೆಯ ಗಾತ್ರವೂ ಕೋನಿನ ಚಲನೆಯೂ ಕಡಿಮೆ. ಡಿಕ್ಕಿಯ 12 ಇಂಚಿನಷ್ಟು ಸದ್ದನ್ನು ಅವುಗಳಿಂದ ಕೇಳಿದರೆ ಒಡೆಯುವುದು ಸಹಜ, ಅದನ್ನು ದೋಷ ಎನ್ನಲಾಗದು.

ಸ್ಪೀಕರ್‌ನ ಒಳಗಾಯ

ಮೇಲಿನ ಎಲ್ಲವೂ ಸರಿಯಿದ್ದರೆ ಮಾತ್ರ ಸ್ಪೀಕರನ್ನು ಅನುಮಾನಿಸಬೇಕು. ಆಂಪ್ಲಿಫೈಯರ್ ಆಫ್ ಮಾಡಿ, ಎರಡೂ ಕೈಗಳ ಬೆರಳುಗಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಬೇಕು. ಮರಳು ಕೆರೆದಂಥ ಸದ್ದು ಬಂದರೆ ಕಾಯಿಲ್ ಸಂದಿಯಲ್ಲಿ ಉಜ್ಜುತ್ತಿದೆ. ಒಂದೇ ಬದಿಯನ್ನು ಒತ್ತಿದರೆ ಚೆನ್ನಾಗಿರುವ ಸ್ಪೀಕರೂ ಉಜ್ಜಬಹುದು, ಅದರಿಂದ ತಪ್ಪು ತೀರ್ಮಾನಕ್ಕೆ ಬರಬಾರದು. ಸುತ್ತುಪಟ್ಟಿಯ ಹರಕು, ಸ್ಪೈಡರ್ ಅಂಟು ಬಿಟ್ಟಿರುವುದು, ನಡುವಿನ ಟೋಪಿ ಸಡಿಲಾಗಿರುವುದು, ಟರ್ಮಿನಲ್‌ನಿಂದ ಕೋನಿಗೆ ಹೋಗುವ ಹೆಣೆದ ತಂತಿ ಕೋನಿಗೆ ಬಡಿಯುವುದು ಇವೆಲ್ಲ ಕಣ್ಣಿಗೆ ಕಾಣುವ ಗಾಯಗಳು. 4 ಓಮಿನ ಒಳ್ಳೆಯ ಕಾಯಿಲ್ ಮಲ್ಟಿಮೀಟರ್‌ನಲ್ಲಿ ಸುಮಾರು 3.2ರಿಂದ 3.7 ಓಮ್ ತೋರಿಸುತ್ತದೆ. ಅಂಕಿ ಬಹಳ ಕಡಿಮೆಯಾದರೆ ಸುತ್ತುಗಳು ಒಳಗೇ ಶಾರ್ಟ್ ಆಗಿವೆ, ಏನೂ ತೋರಿಸದಿದ್ದರೆ ತಂತಿ ಕಡಿದಿದೆ.

ಪತ್ತೆಯ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕೇಳುವುದು ಪತ್ತೆಯ ಮೂಲ ನಿಯಮ. ಮೊದಲು ಎಲ್ಲ ಈಕ್ವಲೈಸರ್, ಲೌಡ್‌ನೆಸ್, ಬೇಸ್ ಬೂಸ್ಟ್ ಸೊನ್ನೆಗೆ ತಂದು, ಚೆನ್ನಾಗಿ ಮುದ್ರಿತವಾದ ಬೇರೆ ಬೇರೆ ಹಾಡು ಹಾಕಬೇಕು. ಒಡೆತ ಹೋದರೆ ಕೆಲಸ ಅಲ್ಲಿಗೇ ಮುಗಿಯಿತು. ಉಳಿದರೆ ಸಬ್‌ವೂಫರ್‌ನ ವೈರು ಕಳಚಿ ಅದೇ ವಾಲ್ಯೂಮಿನಲ್ಲಿ ಮತ್ತೆ ಕೇಳಬೇಕು. ಆಗಲೂ ಒಡಕಿದ್ದರೆ ಅದು ಬಾಗಿಲಿನ ಸ್ಪೀಕರ್‌ಗಳದ್ದು. ತಗ್ಗುಸ್ವರ ತಡೆಯುವ ಹೈಪಾಸ್ ಫಿಲ್ಟರ್ ಇಲ್ಲದೆ ಅವುಗಳಿಗೂ ಆಳದ ಬೇಸ್ ಹೋಗುತ್ತಿರುವುದು ತೀರ ಸಾಮಾನ್ಯ.

ಆಮೇಲೆ 30ರಿಂದ 80 ಹರ್ಟ್ಸ್‌ವರೆಗೆ ಮೆಲ್ಲಗೆ ಏರುವ ಪರೀಕ್ಷಾ ಸ್ವರ ಹಾಕಬೇಕು. ಒಡಕು ಒಂದೇ ಆವೃತ್ತಿಯಲ್ಲಿ ಬಂದು ಹೋದರೆ ಅದು ಕಾರಿನ ಯಾವುದೋ ತಗಡಿನ ಗಲಗಲ. ಇನ್ನೊಬ್ಬರು ನಂಬರ್ ಪ್ಲೇಟು, ಡಿಕ್ಕಿ ಬಾಗಿಲು, ಟ್ರೇಗಳನ್ನು ಒಂದೊಂದಾಗಿ ಕೈಯಲ್ಲಿ ಒತ್ತಿ ಹಿಡಿದರೆ ಸಿಕ್ಕಿಬೀಳುತ್ತದೆ. ನಂಬರ್ ಪ್ಲೇಟಿನ ಹಿಂದೆ ಫೋಮ್ ತುಂಡು, ತಗಡಿನ ಒಳಮೈಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಸಾಕಾಗುತ್ತದೆ. ಒಡಕು ತೀರ ಕೆಳಗಿನ ಆವೃತ್ತಿಗಳಲ್ಲಿ ಮಾತ್ರ ಇದ್ದರೆ ಕೋನಿನ ಚಲನೆ ಮಿತಿ ಮೀರುತ್ತಿದೆ, ಸಬ್‌ಸಾನಿಕ್ ಫಿಲ್ಟರ್ ನೋಡಬೇಕು. ಎಲ್ಲ ಆವೃತ್ತಿಗಳಲ್ಲೂ ಒಂದೇ ವಾಲ್ಯೂಮಿನಿಂದ ಶುರುವಾದರೆ ಕ್ಲಿಪ್ಪಿಂಗ್ ಎಂದೇ ತಿಳಿದು ಗೇನ್ ಮತ್ತು ವೋಲ್ಟೇಜಿನತ್ತ ಹೋಗಬೇಕು. ಪರೀಕ್ಷಾ ಸ್ವರಗಳನ್ನು ಮಧ್ಯಮ ವಾಲ್ಯೂಮಿನಲ್ಲಿ, ಕೆಲವೇ ಸೆಕೆಂಡು ನುಡಿಸಬೇಕು. ಬಿಡುವಿಲ್ಲದ ಒಂದೇ ಸ್ವರ ಸಂಗೀತಕ್ಕಿಂತ ಬೇಗ ಕಾಯಿಲನ್ನು ಕಾಯಿಸುತ್ತದೆ.

ಕೊನೆಗೆ ಸ್ಪೀಕರ್ ಬದಲಿಸಿ ನೋಡುವುದು. ಗೆಳೆಯರ ಒಳ್ಳೆಯ ಸಬ್‌ವೂಫರನ್ನು ಅದೇ ವೈರಿಗೆ ಜೋಡಿಸಿದಾಗಲೂ ಒಡೆದರೆ ಹಳೆಯದು ನಿರಪರಾಧಿ.

ಗೇನ್ ಹೊಂದಿಸುವ ವಿಧಾನ

ಇದಕ್ಕೆ ಬೇಕಾದ್ದು ಒಂದು ಮಲ್ಟಿಮೀಟರ್ ಮತ್ತು 50 ಹರ್ಟ್ಸ್‌ನ, ಪೂರ್ಣ ಮಟ್ಟದ ಸ್ವರವಿರುವ ಫೈಲು. ಮನೆಯ ಕರೆಂಟಿನ ಆವೃತ್ತಿಯೂ 50 ಹರ್ಟ್ಸ್ ಆಗಿರುವುದರಿಂದ ಅಗ್ಗದ ಮೀಟರೂ ಇಲ್ಲಿ ಸರಿಯಾಗಿ ಅಳೆಯುತ್ತದೆ. ಆಂಪ್ಲಿಫೈಯರ್‌ನ ಆರ್‌ಎಂಎಸ್ ವ್ಯಾಟನ್ನು, ಅಂದರೆ ಅದು ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು, ಸಬ್‌ವೂಫರ್‌ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಗುರಿಯ ವೋಲ್ಟೇಜ್ ಸಿಗುತ್ತದೆ. 500 ವ್ಯಾಟ್, 2 ಓಮ್ ಆದರೆ ಗುಣಲಬ್ಧ 1,000, ವರ್ಗಮೂಲ ಸುಮಾರು 31.6 ವೋಲ್ಟ್. ಸಬ್‌ವೂಫರ್ ತಾಳುವ ಶಕ್ತಿ ಆಂಪ್ಲಿಫೈಯರ್‌ಗಿಂತ ಕಡಿಮೆಯಿದ್ದರೆ ಸಬ್‌ವೂಫರ್‌ನ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಸಬ್‌ವೂಫರ್ ವೈರು ಕಳಚಿ, ಎಂಜಿನ್ ಓಡುತ್ತಿರುವಾಗ, ಗೇನ್ ಪೂರ್ತಿ ಇಳಿಸಿ, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ತಂದು ಸ್ವರ ಹಾಕಬೇಕು. ಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟು ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, ಗುರಿಯ ಅಂಕಿ ಬರುವವರೆಗೆ ಮಾತ್ರ ಗೇನ್ ತಿರುಗಿಸಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬಾರದು.

ಈ ವಿಧಾನಕ್ಕೂ ಕೊರತೆಯಿದೆ. ಮೀಟರ್ ವೋಲ್ಟೇಜನ್ನು ಅಳೆಯುತ್ತದೆಯೇ ಹೊರತು ತರಂಗದ ಆಕಾರವನ್ನು ತೋರಿಸುವುದಿಲ್ಲ. ಹೊರೆ ಬಿದ್ದಾಗ ಬ್ಯಾಟರಿ ವೋಲ್ಟೇಜ್ ಇಳಿದು ಇನ್ನೂ ಮೊದಲೇ ಕ್ಲಿಪ್ ಆಗಬಹುದು. ತರಂಗದ ನೆತ್ತಿ ಚಪ್ಪಟೆಯಾಗುವುದನ್ನು ಕಣ್ಣಾರೆ ನೋಡಲು ಆಸಿಲ್ಲೋಸ್ಕೋಪ್ ಬೇಕು.

ವ್ಯಾಟಿನ ಲೆಕ್ಕ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ ‘ಮ್ಯಾಕ್ಸ್’ ಅಥವಾ ‘ಪೀಕ್’ ವ್ಯಾಟ್ ನಂಬಿ ಹೊಂದಿಸಿದ ವ್ಯವಸ್ಥೆಗಳು ಬೇಗ ಒಡೆಯುತ್ತವೆ. ಅಮೆರಿಕದಲ್ಲಿ 2003ರಲ್ಲಿ ಬಂದ ಸಿಇಎ-2006 ಮಾನದಂಡ ಕಾರ್ ಆಂಪ್ಲಿಫೈಯರ್‌ನ ಶಕ್ತಿಯನ್ನು 14.4 ವೋಲ್ಟಿನಲ್ಲಿ, 4 ಓಮ್ ಹೊರೆಯಲ್ಲಿ, ವಿರೂಪಣ ಮತ್ತು ಗದ್ದಲ ಒಟ್ಟು 1 ಶೇಕಡಾ ಮೀರದಂತೆ ಅಳೆಯಬೇಕೆಂದು ಹೇಳಿತು. ಆ ಮುದ್ರೆಯಿಲ್ಲದ ಆಂಪ್ಲಿಫೈಯರ್‌ನ ಫ್ಯೂಸ್ ನೋಡಿ ಸ್ಥೂಲ ಅಂದಾಜು ಮಾಡಬಹುದು. 25 ಆಂಪಿಯರ್‌ನ ಎರಡು ಫ್ಯೂಸ್ ಇದ್ದರೆ 50 ಆಂಪಿಯರ್, ಅದನ್ನು 13.8 ವೋಲ್ಟ್ ಮತ್ತು 80 ಶೇಕಡಾ ದಕ್ಷತೆಯಿಂದ ಗುಣಿಸಿದರೆ ಸುಮಾರು 550 ವ್ಯಾಟ್. ಮೇಲೆ 5,000 ಎಂದು ಬರೆದಿದ್ದರೂ ಅದು ಎಡೆಬಿಡದೆ ಕೊಡಬಲ್ಲದ್ದು ಇಷ್ಟೇ.

ಸುರಕ್ಷತೆ, ಕಿವಿ ಮತ್ತು ಕಾನೂನು

ವೈರಿಂಗ್ ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಬೇಕು. ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರ್ ಒಳಗೇ ಇರಬೇಕು. ಡಿಕ್ಕಿಯಲ್ಲಿ ಹಾಕಿದ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ, ನಡುವೆ ಬಾಡಿಗೆ ಉಜ್ಜಿ ಶಾರ್ಟ್ ಆಗುವ ವೈರನ್ನು ಕಾಯುವುದಿಲ್ಲ.

ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಯೋಶ್‌ನ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ನಿಗದಿ ಮಾಡಿವೆ. ತಗ್ಗುಸ್ವರಗಳು ಗೋಡೆ, ಗಾಜುಗಳನ್ನು ಸುಲಭವಾಗಿ ದಾಟುವುದರಿಂದ ಕಾರಿನೊಳಗಿನ ಹಾಡು ಕೇಳದವರಿಗೂ ಅದರ ಬೇಸ್ ತಲುಪುತ್ತದೆ.

ಮಿತಿ ಮತ್ತು ಆಯ್ಕೆ

ಎಲ್ಲ ದೋಷ ತಿದ್ದಿದ ಮೇಲೂ ಯಾವುದೋ ಒಂದು ವಾಲ್ಯೂಮಿನಲ್ಲಿ ಧ್ವನಿ ಒಡೆಯುವುದು ಖಂಡಿತ. ಅದು ಆ ವ್ಯವಸ್ಥೆಯ ನಿಜವಾದ ಮೇಲ್ಮಿತಿ. ಅದನ್ನು ದಾಟಬೇಕಾದರೆ ಬರಿಯ ವ್ಯಾಟ್ ದುಬಾರಿ ದಾರಿ: ಶಕ್ತಿ ದ್ವಿಗುಣವಾದರೆ ಸಿಗುವುದು 3 ಡೆಸಿಬೆಲ್, ಕಿವಿಗೆ ಎರಡು ಪಟ್ಟು ಜೋರೆನಿಸಲು ಬೇಕಾದದ್ದು ಸುಮಾರು 10. ಅಂಥದೇ ಇನ್ನೊಂದು ಸಬ್‌ವೂಫರನ್ನು ಅದರ ಪಾಲಿನ ಪೆಟ್ಟಿಗೆ ಮತ್ತು ಶಕ್ತಿಯೊಂದಿಗೆ ಸೇರಿಸಿದರೆ 6 ಡೆಸಿಬೆಲ್‌ವರೆಗೆ ಏರಿಕೆ ಬರುತ್ತದೆ, ಕೋನುಗಳ ಚಲನೆಯೂ ಮಿತಿಯೊಳಗೇ ಉಳಿಯುತ್ತದೆ. ಪೋರ್ಟ್ ಪೆಟ್ಟಿಗೆಗೆ ಬದಲಾಯಿಸುವುದು ಕಡಿಮೆ ಖರ್ಚಿನ ದಾರಿ, ಡಿಕ್ಕಿಯ ಜಾಗ ಹೋಗುತ್ತದೆ ಅಷ್ಟೆ. ಆದರೆ ಹೊಸದನ್ನು ಕೊಳ್ಳುವ ಮೊದಲು ಬೂಸ್ಟ್ ಸೊನ್ನೆ ಮಾಡಿ, ಗೇನ್ ಅಳೆದು, ಅರ್ತ್ ಕೆರೆದು ನೋಡುವುದು ಲೇಸು. ಬದಲಿಸಲೆಂದು ಅಂಗಡಿಗೆ ಒಯ್ದ ಎಷ್ಟೋ ಸಬ್‌ವೂಫರ್‌ಗಳಿಗೆ ಬೇಕಾಗಿರುವುದು ಈ ಮೂರೇ ಕೆಲಸ.